ಘಾಟು

ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟ್ಯಾಗ ಟೆಂಡರು.
ಆವತ್ತ ಗಾಳಿ ಈ ಕಡೆ ತಿರುಗಿದರ ಮುಗೀತು,
ರೈಲು ಹಳಿ ದಾಟಿ, ಕಂಪೌಂಡು ಹಾರಿ
ಮೆಣಸಿನಕಾಯಿ ಘಾಟು ಸೀದಾ ಹಾಸ್ಟೆಲ್ಲಿಗೆ ಬರ್ತದ,
ಗೇಟಿನ ಬುಕ್ಕಿನ್ಯಾಗ ಸಹಿ ಮಾಡದನ.

ಪ್ರಾರ್ಥನಾ ಅರ್ಧಕ್ಕ ನಿಲ್ತದ.
ತೊಂಬತ್ತಾರು ಹುಡುಗ್ಯಾರು ಒಮ್ಮೆಲೇ ಕೆಮ್ತಾರ
ವೇಲು ಮೂಗಿಗೆ ಒತ್ತಿಕೊಂಡು.
ಗಣಿತದ ಅಕ್ಕೋರು ಸೀನಿ ಸೀನಿ
ಹದಿನೇಳರ ಮಗ್ಗಿ ಮರೀತಾರ.
ಹೋದ ವರ್ಷ, ಸಂಕ್ರಾಂತಿ ಆದ ಮರುವಾರ,
ಒಬ್ಬಾಕಿ ಮಾತ್ರ ಕೆಮ್ಮಲಿಲ್ಲ.
ಸುಮ್ಮನ ನಿಂತಿದ್ಲು,
ಮನಿ ವಾಸನಿ ಬಂದಂಗ.

ದುರಗವ್ವ.
ವಯಸ್ಸು ಹನ್ನೆರಡು ಅಂತ ಬರಕೊಂಡೇವಿ, ಹಲ್ಲು ನೋಡಿ.
ಎರಡನೇತ್ತೆ ಅರ್ಧಕ್ಕ ಬಿಟ್ಟಾಕಿ
ನಾಲ್ಕು ವರ್ಷ ಅವ್ವನ ಬಾಜೂಕ ಕುಂತು
ತುಂಬು ಬಿಡಿಸ್ಯಾಳ.
ಅಕಿ ಲಂಗ ನಾನೇ ಒಗದೆ.
ಮೂರು ಬಕೀಟು ನೀರು,
ಮೂರೂ ಕೆಂಪು.

ಕೈಯಾಗ ಪೆನ್ಸಿಲ್ ಕೊಟ್ಟರ
ಮೊನಿ ಮುರದು ಬಲಕ್ಕ ಇಟ್ಲು,
ಉಳದದ್ದು ಎಡಕ್ಕ.
ಇನ್ನೊಂದು ಕೊಟ್ಟರು. ಅದನ್ನೂ.
ಹುಡುಗ್ಯಾರು ನಕ್ಕರು. ಅಕಿ ನೋಡಿದ್ದು ತನ್ನ ಬೆರಳನ್ನ,
ಹೇಳದನ ಕೇಳದನ ದುಡಿಯೋ ಬೆರಳನ್ನ.

ರಾತ್ರಿ ಅಡಗಿಮನಿಗೆ ಬಂದ್ಲು.
ಒಗ್ಗರಣಿಗೆ ತಗದಿಟ್ಟ ಮೆಣಸಿನಕಾಯಿ ಕಂಡು
ಚಕ್ಕಳಮಕ್ಕಳ ಹಾಕಿ ಕುಂತೇಬಿಟ್ಲು.
ಏಳವಾ, ಇಲ್ಲಿ ನಿನಗ ಈ ಕೆಲಸಿಲ್ಲ, ಅಂದೆ.
ಅತ್ತಳು.
ನಾ ಛೊಲೋದು ಅಂತ ತಿಳದಿದ್ದೆ.
ಅಕಿಗೆ ಬರೋದು ಅದೊಂದ ಇತ್ತು,
ಅದನ್ನೂ ಕಸಗೊಂಡೆ.

ಎಲ್ಲಾರೂ ಉಳೀತಾರ ಅಂತ ಹೇಳಂಗಿಲ್ಲ.
ಹಾನಗಲ್ಲ ಕಡೆ ತಾಂಡಾದ ಸಕ್ರವ್ವ
ದೀಪಾವಳಿ ಸೂಟಿಗೆ ಹೋದಾಕಿ ಹೊಳ್ಳಿ ಬರಲಿಲ್ಲ.
ಟ್ರಂಕು ಹನ್ನೊಂದನೇ ಮಂಚದ ಕೆಳಗ ಐತಿ.
ಕೀಲಿ ಅಕಿ ಕೊಳ್ಳಾಗ ಹೋತು.
ಒಡದು ಖಾಲಿ ಮಾಡ್ರಿ ಅಂತ ಎರಡು ಸಲ ಕಾಗದ ಬಂದಾವ.
ನಾ ಬಗ್ಗಿ ಕಸಾ ಹೊಡೀತೇನಿ,
ಟ್ರಂಕು ಸರಸಿ ಮತ್ತ ಅಲ್ಲೇ ಇಡ್ತೇನಿ.

ದುರಗವ್ವನ ಸ್ವಾದರಮಾವ ಮಳಿಗಾಲ ಕಳದು ಬಂದ,
ಅಂಗಿ ಕಿಸೆದಾಗ ಲಗ್ನಪತ್ರಿಕಿ.
ಮೇಡಮ್ಮು ಕಾಯ್ದೆ ಹೇಳಿದ್ರು.
ಅಂವಾ ಒಂದ ಮಾತು:
ಅಚ್ಚಾಗಿಬಿಟ್ಟಾವ್ರಿ, ಇನ್ನೂರು ಕಾಪಿ.

ಅಕಿ ಪತ್ರಿಕಿ ಇಸಗೊಂಡ್ಲು.
ಅರಿಷಿಣ ಹಚ್ಚಿದ ಮೂಲಿ ಹಿಡದು
ಗಣಪತಿಯಿಂದ ಶುರು ಮಾಡಿದ್ಲು,
ಒಂದೊಂದ ಅಕ್ಷರ, ತುಟಿ ಅಲ್ಲಾಡಿಸಿ.
ಮಾವ ಎರಡು ಸಲ ಗಡಿಯಾರ ನೋಡಿದ.
ತನ್ನ ಹೆಸರಿಗೆ ಬಂದು ನಿಂತ್ಲು.
ಬೆರಳು ಅಲ್ಲೇ ಊರಿ ಅಂದ್ಲು:
ದುರಗವ ಅಂತ ಐತಿ.
ವಕಾರಕ್ಕ ಒತ್ತು ಇಲ್ಲ.
ಇದು ನಾ ಅಲ್ಲ.

ಒತ್ತಕ್ಷರ ಕಲತು ಒಂಬತ್ತು ದಿನಾ ಆಗಿತ್ತು ಅಷ್ಟ.

ಹೋದ. ಮತ್ತ ಬಂದ, ಇಬ್ಬರನ್ನ ಕರಕೊಂಡು.
ಮೂರನೇ ಸಲ ಠಾಣೇಕ ಫೋನು ಹಚ್ಚಬೇಕಾತು.
ಆ ರಾತ್ರಿ ನನ್ನ ಹಾಸಿಗಿ
ಬಾಗಲಿಗೆ ಅಡ್ಡ ಹಾಸಿದ್ದೆ. ಹೇಳಿಲ್ಲ ಯಾರಿಗೂ.

ಈ ಗುರುವಾರ ಗಾಳಿ ತಿರುಗಿತು.
ಪ್ರಾರ್ಥನಾ ನಿಂತಿತು.
ಎಂದಿನ ಕೆಮ್ಮು, ಎಂದಿನ ಸೀನು,
ಅದರ ನಡುವ ಹೊಸಾದೊಂದು, ಕರಳು ಕಿತ್ತು ಬರೋವಂಥಾದ್ದು.
ನನಗ ಹೆಜ್ಜಿ ಸಪ್ಪಳದಾಗ ಹುಡುಗ್ಯಾರು ಗೊತ್ತಾಗ್ತಾರ,
ಇದು ಯಾರದು ಅಂತ ತಿಳೀಲಿಲ್ಲ.
ಸೌಟು ಹಿಡಕೊಂಡ ಹೊರಗ ಬಂದೆ.

ದುರಗವ್ವ, ಗ್ವಾಡಿ ಹಿಡದು.
ಕಣ್ಣು ಮೂಗು ಎಲ್ಲಾ ಸೋರಾಕತ್ತಾವ.
ಹಲ್ಲು ನೋಡಿ ಬರದ ಹುಡುಗಿ
ಮೊದಲ ಸಲ ಸಣ್ಣ ಕೂಸಿನಂಗ ಕಂಡ್ಲು.

ನನಗ ಖುಷಿ. ಎಂಥಾ ಖುಷಿ!
ಬೆಲ್ಲದ ಚೂರು, ನೀರಿನ ತಂಬಗಿ ಹಿಡದು ಓಡಿದೆ.
ಅಕಿ ಕುಡದು, ಸೆರಗಿಲ್ಲದ ನನ್ನ ಮ್ಯಾಕ್ಸಿಗೇ ಮೂಗು ಒರಸಿ,
ಪ್ಯಾಟಿ ದಿಕ್ಕಿಗೆ ನೋಡಿ ಕೇಳಿದ್ಲು:

ಅಕ್ಕಾರ,
ಅವ್ವ ಹೆಂಗ ಕುಂದ್ರತಾಳರಿ ಇದರಾಗ?

ಒಳಗ ಹಾಲು ಉಕ್ಕಾಕತ್ತಿತ್ತು.
ನಾ ಹೋಗಲಿಲ್ಲ.